ದುಬೈ ಕೋರ್ಟಿನ ಡಿಕ್ರಿ ವಿಜಯಪುರಕ್ಕೆ ಬಂದರೆ ಏನು ಮಾಡಬೇಕು? ನಮ್ಮ ಗುಂಪಿನ ಸದಸ್ಯರು ವಕೀಲರ ಜೊತೆ ನಡೆಸಿದ ಪ್ರಶ್ನೋತ್ತರ

ಪ್ರಶ್ನೆ (ಇಂಡಿ ತಾಲ್ಲೂಕಿನ ಸದಸ್ಯರು): ವಕೀಲ ಸಾಹೇಬರೇ, ನಮಸ್ಕಾರ. ನನ್ನ ತಮ್ಮ ದುಬೈನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ. ಅಲ್ಲಿನ ಒಂದು ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಮಾಡಿದ್ದ, ಕ್ರೆಡಿಟ್ ಕಾರ್ಡೂ ಇತ್ತು. ಕಂಪನಿ ಮುಚ್ಚಿತು, ಕೆಲಸ ಹೋಯಿತು, 2021ರಲ್ಲಿ ಊರಿಗೆ ಬಂದುಬಿಟ್ಟ. ಆಮೇಲೆ ಬ್ಯಾಂಕಿನವರು ಅಲ್ಲೇ ಕೇಸ್ ಹಾಕಿ 2023ರಲ್ಲಿ ಡಿಕ್ರಿ (ಹಣ ಕೊಡಬೇಕು ಅನ್ನೋ ಕೋರ್ಟಿನ ತೀರ್ಪು) ಮಾಡಿಸಿಕೊಂಡಿದ್ದಾರಂತೆ. ನಮಗೆ ಒಂದು ಕಾಗದವೂ ಬಂದಿರಲಿಲ್ಲ. ಈಗ ವಿಜಯಪುರ ಜಿಲ್ಲಾ ಕೋರ್ಟಿನಿಂದ ನೋಟಿಸ್ ಬಂದಿದೆ. ಒಬ್ಬರು "ಹೊರದೇಶದ ಆರ್ಡರ್ ಇಲ್ಲಿ ನಡೆಯಲ್ಲ, ನೋಟಿಸ್ ತಗೋಬೇಡಿ" ಅಂತಾರೆ. ಇನ್ನೊಬ್ಬರು "ಜೈಲಿಗೆ ಹಾಕ್ತಾರೆ, ಹೊಲ ಹೋಗುತ್ತೆ" ಅಂತಾರೆ. ಅವ್ವ ಊಟ ಬಿಟ್ಟು ಕೂತಿದ್ದಾಳೆ. ದಾರಿ ತೋರಿಸಿ.

ಉತ್ತರ: ಮೊದಲು ಅವ್ವನಿಗೆ ಊಟ ಮಾಡಲು ಹೇಳಿ. ಆ ಇಬ್ಬರ ಮಾತನ್ನೂ ಬಿಟ್ಟುಬಿಡಿ, ಎರಡೂ ತಪ್ಪು.

"ಇಲ್ಲಿ ನಡೆಯಲ್ಲ" ಅನ್ನುವುದು ಹಳೇ ಮಾತು. 2020ರ ಜನವರಿ 17ರಂದು ಕೇಂದ್ರ ಸರ್ಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) ಕಲಂ 44ಎ ಅಡಿ ಪರಸ್ಪರ ಮಾನ್ಯತೆಯ ಪ್ರದೇಶ ಅಂತ ನೋಟಿಫೈ ಮಾಡಿತು. ಇಂಗ್ಲೆಂಡ್, ಸಿಂಗಾಪುರ, ಹಾಂಗ್‌ಕಾಂಗ್, ನ್ಯೂಜಿಲೆಂಡ್ ಮೊದಲೇ ಆ ಪಟ್ಟಿಯಲ್ಲಿದ್ದವು. ಪಟ್ಟಿಯಲ್ಲಿರುವ ಕೋರ್ಟು ಕೊಟ್ಟ ಹಣದ ಡಿಕ್ರಿಯ ದೃಢೀಕೃತ ಪ್ರತಿ ತಂದು ನೇರವಾಗಿ ನಮ್ಮ ಜಿಲ್ಲಾ ಕೋರ್ಟಿನಲ್ಲಿ ಹಾಕಬಹುದು. ಆಗ ಅದು ಇದೇ ಕೋರ್ಟು ಕೊಟ್ಟ ಡಿಕ್ರಿ ಇದ್ದಂತೆ, ಅಮಲ್ಜಾರಿ, ಅಂದರೆ ಡಿಕ್ರಿಯ ವಸೂಲಿ, ನಡೆಯುತ್ತದೆ. ಹೊಸದಾಗಿ ದಾವೆ ಹೂಡುವ ಅಗತ್ಯ ಬ್ಯಾಂಕಿಗಿಲ್ಲ.

ನಮ್ಮ ಭಾಗಕ್ಕೆ ಇದು ಪೂರ್ತಿ ಹೊಸದೂ ಅಲ್ಲ. ಜಮಖಂಡಿ, ಮುಧೋಳ 1948ರವರೆಗೆ ಸಂಸ್ಥಾನಗಳಾಗಿದ್ದವು, ಪಕ್ಕದ ವಿಜಯಪುರ, ಬೆಳಗಾವಿ ಬ್ರಿಟಿಷರ ಜಿಲ್ಲೆಗಳು. ಆಗ ಸಂಸ್ಥಾನದ ಕೋರ್ಟು ಕೂಡ ಕಾನೂನಿನ ಕಣ್ಣಿಗೆ ಹೊರಗಿನ ಕೋರ್ಟೇ. ಹೊರಗಿನ ಕೋರ್ಟಿನ ತೀರ್ಪನ್ನು ಯಾವಾಗ ಒಪ್ಪಬಾರದು ಅಂತ ಹೇಳುವ, ಇವತ್ತು ನಾವು ಬಳಸುವ ಕಲಂ 13 ಆ ಕಾಲದ್ದೇ, 1908ರ ಸಿಪಿಸಿಯದು.

ಆದರೆ ಡಿಕ್ರಿ ಬಂತು ಅಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ನಿಮ್ಮ ಕೈಲಿರುವ ನೋಟಿಸ್ ಬಹುಶಃ ಸಿಪಿಸಿಯ ಆದೇಶ 21 ನಿಯಮ 22ರದು, ಅಂದರೆ "ಯಾಕೆ ಜಾರಿ ಮಾಡಬಾರದು, ಬಂದು ಹೇಳಿ" ಅಂತ ಕೋರ್ಟು ನಿಮ್ಮ ತಮ್ಮನನ್ನೇ ಕೇಳುತ್ತಿದೆ. ಮಾತಾಡಲು ಸಿಕ್ಕ ಅವಕಾಶ ಅದು. ನೋಟಿಸ್ ತಗೊಳ್ಳದೆ ವಾಪಸ್ ಕಳಿಸಿದರೆ ಆ ಅವಕಾಶ ಹೋಯಿತು, ಡಿಕ್ರಿ ಮಾತ್ರ ಹೋಗಲ್ಲ. ದಯವಿಟ್ಟು ತಗೊಳ್ಳಿ.

ಪ್ರಶ್ನೆ (ಅದೇ ಸದಸ್ಯರು): ತಗೊಂಡಿದ್ದೇವೆ ಸರ್. ಆದರೆ ತಮ್ಮ ಅಲ್ಲಿರಲಿಲ್ಲ, ಒಂದೇ ಕಡೆಯವರ ಮಾತು ಕೇಳಿ ಕೊಟ್ಟ ಒಮ್ಮುಖ ಡಿಕ್ರಿ ಅಲ್ವಾ? ತಾನಾಗೇ ಬಿದ್ದುಹೋಗಲ್ವಾ?

ಉತ್ತರ: ತಾನಾಗೇ ಬೀಳಲ್ಲ, ಬೀಳಿಸಬೇಕು. ಕಲಂ 13ರಲ್ಲಿ ಆರು ಕಾರಣಗಳಿವೆ. ಆ ಕೋರ್ಟಿಗೆ ಅಧಿಕಾರವೇ ಇರಲಿಲ್ಲ, ಪ್ರಕರಣದ ಗುಣಾವಗುಣ ನೋಡದೆ ತೀರ್ಪು ಕೊಟ್ಟರು, ಅಂತಾರಾಷ್ಟ್ರೀಯ ಕಾನೂನನ್ನು ತಪ್ಪಾಗಿ ಹಿಡಿದರು ಅಥವಾ ಭಾರತದ ಕಾನೂನು ಅನ್ವಯವಾಗುವಲ್ಲಿ ಅದನ್ನು ಒಪ್ಪಲಿಲ್ಲ, ಸಹಜ ನ್ಯಾಯಕ್ಕೆ ವಿರುದ್ಧವಾಗಿ (ಹೇಳಿಕೊಳ್ಳಲು ಅವಕಾಶವನ್ನೇ ಕೊಡದಂತೆ) ನಡೆದರು, ಮೋಸದಿಂದ ಪಡೆದರು, ಇಲ್ಲವೇ ಇಲ್ಲಿನ ಕಾನೂನು ಮುರಿದ ವ್ಯವಹಾರವನ್ನೇ ಎತ್ತಿಹಿಡಿದರು. ಇವುಗಳಲ್ಲಿ ಒಂದನ್ನು ತೋರಿಸಿಕೊಟ್ಟರೂ ಜಿಲ್ಲಾ ಕೋರ್ಟು ಜಾರಿಗೆ ನಿರಾಕರಿಸಲೇಬೇಕು. "ಬಡ್ಡಿ ಜಾಸ್ತಿ ಹಾಕಿದ್ದಾರೆ", "ಜಡ್ಜು ತಪ್ಪು ಮಾಡಿದ್ದಾರೆ" ಅಂದರೆ ಕೇಳಲ್ಲ. ಇಲ್ಲಿನ ಕೋರ್ಟು ಅಲ್ಲಿನದಕ್ಕೆ ಮೇಲಿನ ಕೋರ್ಟಲ್ಲ.

ನಿಮಗೆ ಮೂರು ಕಾರಣ ಮುಖ್ಯ. ಮೊದಲನೆಯದು ಗುಣಾವಗುಣ. 2001ರಲ್ಲಿ ಸುಪ್ರೀಂ ಕೋರ್ಟು ಇಂಟರ್‌ನ್ಯಾಷನಲ್ ವೂಲನ್ ಮಿಲ್ಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಪ್ರತಿವಾದಿ ಬರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಸುಮ್ನೆ ಡಿಕ್ರಿ ಮಾಡಿದ್ದರೆ ಅದು ಗುಣಾವಗುಣದ ಮೇಲಿನ ತೀರ್ಪಲ್ಲ, ಆದರೆ ಬಾರದಿದ್ದರೂ ದಾಖಲೆ ನೋಡಿ, ಸಾಕ್ಷ್ಯ ತೂಗಿ ಬರೆದಿದ್ದರೆ ಅದು ಒಮ್ಮುಖವಾದರೂ ಗಟ್ಟಿ. ಹಾಗಾಗಿ ಬ್ಯಾಂಕಿನವರು ಹಾಕಿದ ಕಾಗದಗಳ ಪೂರ್ತಿ ಸೆಟ್ ತಗೊಳ್ಳಿ. ಅರೇಬಿಕ್ ತೀರ್ಪು, ಅದರ ಇಂಗ್ಲಿಷ್ ಅನುವಾದ, ಎಷ್ಟು ವಸೂಲಾಗಿದೆ ಅಂತ ಅಲ್ಲಿನ ಕೋರ್ಟು ಕೊಟ್ಟ ಸರ್ಟಿಫಿಕೇಟ್ ಇರುತ್ತವೆ. ಈ ಸರ್ಟಿಫಿಕೇಟ್ ಇಲ್ಲದೆ 44ಎ ಅರ್ಜಿ ಪೂರ್ತಿಯಾಗಲ್ಲ, ಅದನ್ನೇ ಮೊದಲು ಹುಡುಕಿ. ಆಮೇಲೆ ಅನುವಾದ ತೆಗೆದು ಕೊನೆಯ ಮೊತ್ತ ನೋಡುವ ಮೊದಲು ನಡುವಿನ ಪ್ಯಾರಾಗಳನ್ನು ಓದಿ. ಲೋನ್ ಒಪ್ಪಂದ ನೋಡಿದೆವು, ಅಕೌಂಟ್ ಸ್ಟೇಟ್‌ಮೆಂಟ್ ನೋಡಿದೆವು, ಎಕ್ಸ್‌ಪರ್ಟ್ ವರದಿ ಇಂಥದ್ದು ಹೇಳಿತು ಅಂತ ಇದೆಯಾ? ಅಥವಾ "ಪ್ರತಿವಾದಿ ಗೈರು, ಆದ್ದರಿಂದ ಕೊಡತಕ್ಕದ್ದು" ಅಂತ ನಾಲ್ಕು ಸಾಲಿದೆಯಾ? ನಿಮ್ಮ ಕೇಸು ಬಹುಪಾಲು ಆ ನಡುವಿನ ಪ್ಯಾರಾಗಳಲ್ಲೇ ಇದೆ.

ಎರಡನೆಯದು ಸಮನ್ಸ್. ಯಾವ ತಾರೀಖಿಗೆ, ಯಾವ ವಿಳಾಸಕ್ಕೆ ಹೋಗಿದೆ? ತಮ್ಮ 2021ರಲ್ಲೇ ಬಂದಿದ್ದಾನೆ, ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ. ಇಂಡಿ ವಿಳಾಸ ಲೋನ್ ಫಾರ್ಮಿನಲ್ಲಿ ಇದ್ದರೂ ಖಾಲಿ ಮಾಡಿದ ರೂಮಿಗೇ ಸಮನ್ಸ್ ಅಂಟಿಸಿದ್ದರೆ, ಅದು ಸಹಜ ನ್ಯಾಯದ ಪ್ರಶ್ನೆ. ಪಾಸ್‌ಪೋರ್ಟಿನ ಆ ಪುಟದ ಝೆರಾಕ್ಸ್ ಇವತ್ತೇ ಮಾಡಿಸಿಡಿ.

ಮೂರನೆಯದು ಅಧಿಕಾರ. ಕೇಸು ಹಾಕಿದ ದಿನ ಅವನು ಅಲ್ಲಿ ವಾಸವಿರಲಿಲ್ಲ, ಇದು ನಿಮ್ಮ ಪರ. ಆದರೆ "ವ್ಯಾಜ್ಯ ಬಂದರೆ ದುಬೈ ಕೋರ್ಟಿಗೆ ಒಪ್ಪುತ್ತೇನೆ" ಅಂತ ಲೋನ್ ಒಪ್ಪಂದದಲ್ಲಿ ಸಹಿ ಮಾಡಿದ್ದರೆ ಈ ವಾದ ಸೊರಗುತ್ತದೆ. ಬ್ಯಾಂಕಿನ ಫಾರ್ಮುಗಳಲ್ಲಿ ಆ ಸಾಲು ಇರುವುದೇ ಜಾಸ್ತಿ. ಅದಕ್ಕೇ ಇದೊಂದನ್ನೇ ನಂಬಿ ಕೂರಬೇಡಿ.

ಪ್ರಶ್ನೆ (ಅದೇ ಸದಸ್ಯರು): ಜೈಲು? ಹೊಲ? ಉತಾರದಲ್ಲಿ (ಪಹಣಿಯಲ್ಲಿ) ಅಪ್ಪನ ಹೆಸರಿದೆ.

ಉತ್ತರ: ದುಡ್ಡಿಲ್ಲ ಅನ್ನೋ ಕಾರಣಕ್ಕೆ ಜೈಲಿಲ್ಲ. ಸಿಪಿಸಿ ಕಲಂ 51ರಲ್ಲೂ ಇದೆ, ಸುಪ್ರೀಂ ಕೋರ್ಟಿನ 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪಿನಲ್ಲೂ ಇದೆ. ಕೊಡುವ ಶಕ್ತಿ ಇದ್ದೂ ಬೇಕಂತಲೇ ಕೊಡದೆ ತಪ್ಪಿಸಿಕೊಂಡರೆ ಮಾತ್ರ ಸಿವಿಲ್ ಜೈಲು, ಅದೂ ಹೆಚ್ಚೆಂದರೆ 3 ತಿಂಗಳು.

ಅಪ್ಪನ ಸ್ವಂತ ಗಳಿಕೆಯ ಹೊಲವಾದರೆ ಮಗನ ಸಾಲಕ್ಕೆ ಮುಟ್ಟುವಂತಿಲ್ಲ. ಪಿತ್ರಾರ್ಜಿತವಾದರೆ ತಮ್ಮನ ಪಾಲಿನ ಮಟ್ಟಿಗೆ ಜಪ್ತಿ ಕೇಳಬಹುದು. ಉತಾರದ ಹೆಸರು ಒಂದನ್ನೇ ನೋಡಬೇಡಿ, ಜಮೀನು ಅಪ್ಪನಿಗೆ ಹೇಗೆ ಬಂತು ಅಂತ ಹಳೇ ಫೇರಫಾರ (ಹಕ್ಕು ಬದಲಾವಣೆಯ ದಾಖಲೆ) ತೆಗೆಸಿ ನೋಡಿ. ಈಗ ಹೆದರಿ ಪಾಲನ್ನು ಯಾರದೋ ಹೆಸರಿಗೆ ಬರೆಸಬೇಡಿ, ಸಾಲ ಕೊಟ್ಟವರನ್ನು ತಪ್ಪಿಸಲು ಮಾಡಿದ್ದು ಅಂತ ಅದನ್ನು ರದ್ದು ಮಾಡಿಸಬಹುದು, ಮೇಲಾಗಿ ತಮ್ಮನ ನಿಯತ್ತಿನ ಮೇಲೇ ಅನುಮಾನ ಬರುತ್ತದೆ.

ಇಲ್ಲಿ ಅವನು ಸಂಬಳಕ್ಕೆ ಇದ್ದರೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಬಿಟ್ಟು ಮಿಕ್ಕಿದ್ದಕ್ಕೆ ಮಾತ್ರ ಜಪ್ತಿ. 25,000 ಸಂಬಳವಾದರೆ 8,000. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು, ಆಮೇಲೆ ಇಲ್ಲ. ಅವನ ಕೆಲಸದ ಹತಾರಗಳನ್ನು ಜಪ್ತಿ ಮಾಡುವಂತಿಲ್ಲ.

ಇನ್ನೊಂದು ಮಾತು, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ವಸೂಲಿ ಏಜೆಂಟರು ಫೋನ್ ಮಾಡಿ "ಇಷ್ಟು ಕೊಡಿ, ಮುಗಿಸೋಣ" ಅಂತಾರೆ. ರಾಜಿ ಒಳ್ಳೆಯದೇ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಬ್ಯಾಂಕಿನ ಲೆಟರ್‌ಹೆಡ್ಡಿನ ಮೇಲೆ ಬರವಣಿಗೆ ಬೇಕು, ಹಣ ಬ್ಯಾಂಕ್ ಖಾತೆಗೇ ಹೋಗಬೇಕು, ಮತ್ತು ಆದೇಶ 21 ನಿಯಮ 2ರ ಪ್ರಕಾರ ಆ ಪಾವತಿ ಕೋರ್ಟಿನಲ್ಲಿ ದಾಖಲಾಗಬೇಕು. ಬ್ಯಾಂಕಿನವರು ಮಾಡಿಸದಿದ್ದರೆ ನೀವೇ 30 ದಿನದೊಳಗೆ ಅರ್ಜಿ ಹಾಕಿ. ದಾಖಲಾಗದ ಪಾವತಿಯನ್ನು ಜಾರಿ ಕೋರ್ಟು ಲೆಕ್ಕಕ್ಕೇ ಹಿಡಿಯಲ್ಲ, ಮನೆ ಮಂದಿ ಬಂಗಾರ ಅಡವಿಟ್ಟು ಕೊಟ್ಟಿದ್ದರೂ ಅಷ್ಟೇ.

ಪ್ರಶ್ನೆ (ಬಾಗಲಕೋಟೆಯ ಸದಸ್ಯೆ): ಸರ್, ನನ್ನ ಅಕ್ಕನ ಮದುವೆ ಬಾಗಲಕೋಟೆಯಲ್ಲೇ ಆಗಿದ್ದು. ಗಂಡ ಅಮೆರಿಕದಲ್ಲಿ ಡೈವೋರ್ಸ್ ತಗೊಂಡು ಪೇಪರ್ ಇಮೇಲ್ ಮಾಡಿದ್ದಾನೆ. "ಹೊಂದಾಣಿಕೆ ಆಗುತ್ತಿಲ್ಲ" ಅನ್ನೋದೇ ಕಾರಣವಂತೆ. ಅಕ್ಕ ಹೋಗಿಲ್ಲ, ಏನೂ ಸಹಿ ಮಾಡಿಲ್ಲ. ಅವಳ ಮದುವೆ ಮುಗಿದಂತೆಯಾ?

ಉತ್ತರ: ತಂಗಿ, ನೀವು ಹೇಳಿದ್ದೇ ನಿಜವಾದರೆ ಆ ಕಾಗದಕ್ಕೆ ಇಲ್ಲಿ ಮಾನ್ಯತೆ ಸಿಗುವುದು ಕಷ್ಟ. 1991ರ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಮೆರಿಕದ ಇಂಥದ್ದೇ ವಿಚ್ಛೇದನವನ್ನು ಒಪ್ಪಲಿಲ್ಲ. ಯಾವ ಕಾನೂನಿನಡಿ ಮದುವೆಯಾಗಿದೆಯೋ ಆ ಕಾನೂನು ಹೇಳಿದ ಕೋರ್ಟು, ಆ ಕಾನೂನು ಹೇಳಿದ ಕಾರಣ, ಎರಡೂ ಇರಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಬರೀ ಹೊಂದಾಣಿಕೆ ಆಗಲಿಲ್ಲ ಅನ್ನೋ ಕಾರಣವಿಲ್ಲ. ಆದರೆ ಅಕ್ಕ ತಾನಾಗೇ ಅಲ್ಲಿ ಹಾಜರಾಗಿ ವಾದಿಸಿದ್ದರೆ ಅಥವಾ ಒಪ್ಪಿಗೆ ಕೊಟ್ಟಿದ್ದರೆ ಚಿತ್ರ ಬದಲಾಗಬಹುದು. ಹಾಗಾಗಿ ಆ ಇಮೇಲಿಗೆ "ಸರಿ" ಅಂತ ಉತ್ತರ ಬರೆಯಬೇಡಿ, ಅಲ್ಲಿನ ಯಾವ ಫಾರ್ಮಿಗೂ ಸಹಿ ಬೇಡ. ಬಾಗಲಕೋಟೆಯಲ್ಲೇ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ಅಕ್ಕನನ್ನು ಕರೆದುಕೊಂಡು ಬನ್ನಿ, ಕೂತು ಮಾತಾಡೋಣ, ಇದನ್ನೆಲ್ಲ ಗುಂಪಿನಲ್ಲಿ ಬರೆಯುವುದು ಬೇಡ.

ಅಮೆರಿಕ 44ಎ ಪಟ್ಟಿಯಲ್ಲಿಲ್ಲ ಅನ್ನೋದನ್ನು ಉಳಿದವರೂ ಗಮನಿಸಿ. ಅಲ್ಲಿನ ಹಣದ ತೀರ್ಪಿದ್ದರೆ ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆಯೇ ಹೂಡಬೇಕು, ತೀರ್ಪಿನ ದಿನದಿಂದ 3 ವರ್ಷದೊಳಗೆ.

ಪ್ರಶ್ನೆ (ಬೆಳಗಾವಿಯ ಸದಸ್ಯರು): 44ಎ ಡಿಕ್ರಿಯನ್ನು ಜಾರಿಗೆ ಹಾಕಲು 12 ವರ್ಷ ಟೈಮ್ ಇದೆ ಅಲ್ವಾ ಸರ್, ಇಲ್ಲಿನ ಡಿಕ್ರಿ ಹಾಗೆ?

ಉತ್ತರ: ಇಲ್ಲ. 2020ರ ಬ್ಯಾಂಕ್ ಆಫ್ ಬರೋಡಾ, ಕೋಟಕ್ ಮಹೀಂದ್ರಾ ತೀರ್ಪು ಓದಿ. ನಮ್ಮ ರಾಜ್ಯದಿಂದಲೇ ಹೋದ ಕೇಸು. 1995ರ ಲಂಡನ್ ಡಿಕ್ರಿಯನ್ನು 2009ರಲ್ಲಿ ಬೆಂಗಳೂರಿನಲ್ಲಿ ಜಾರಿಗೆ ಹಾಕಿದ್ದರು. ಡಿಕ್ರಿ ಕೊಟ್ಟ ದೇಶದ ಕಾಲಮಿತಿ ನೋಡಬೇಕು, ನಮ್ಮ 12 ವರ್ಷ ಅಲ್ಲ ಅಂತ ಹೇಳಿ ಸುಪ್ರೀಂ ಕೋರ್ಟು ವಜಾ ಮಾಡಿತು. ಇಂಗ್ಲೆಂಡಿನಲ್ಲಿ ಅದು 6 ವರ್ಷ.

ಪ್ರಶ್ನೆ (ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿ): ನಮ್ಮದು ಉಲ್ಟಾ ರೀ. ದುಬೈ ಪಾರ್ಟಿ ಮಾಲು ತಗೊಂಡು ಹಣ ಕೊಟ್ಟಿಲ್ಲ. ವಿಜಯಪುರದಲ್ಲಿ ಡಿಕ್ರಿ ಮಾಡಿಸಿಕೊಂಡರೆ ಅಲ್ಲಿ ನಡೆಯುತ್ತಾ?

ಉತ್ತರ: ಭಾರತ ಮತ್ತು ಯುಎಇ ನಡುವೆ 1999ರ ಒಪ್ಪಂದವಿದೆ, ಅದರಡಿ ನಮ್ಮ ಡಿಕ್ರಿಗೂ ಅಲ್ಲಿ ದಾರಿ ಇದೆ. ಆದರೆ ಆ ಪಾರ್ಟಿಯ ಗೋದಾಮು, ಖಾತೆ ಎಲ್ಲ ದುಬೈನಲ್ಲೇ ಇದ್ದರೆ ನೇರ ಅಲ್ಲೇ ಕೇಸು ಹಾಕುವುದು ಬೇಗ ಆಗಬಹುದು. ಆಸ್ತಿ ಎಲ್ಲಿದೆಯೋ ಅಲ್ಲಿ ಹೊಡೆದಾಡಿ. ಇಲ್ಲೇ ಹಾಕುವುದಾದರೆ ಸಮನ್ಸ್ ಸರಿಯಾದ ದಾರಿಯಲ್ಲೇ ಮುಟ್ಟಿಸಿ. ಇಂಡಿಯವರು ಇಲ್ಲಿ ಎತ್ತುವ ಆಕ್ಷೇಪವನ್ನೇ ನಿಮ್ಮ ಪಾರ್ಟಿ ಅಲ್ಲಿ ಎತ್ತುತ್ತಾನೆ.

ಪ್ರಶ್ನೆ (ಇಂಡಿಯವರು): ಸರ್, ಮುಂದಿನ ಸೋಮವಾರ ತಾರೀಖು ಇದೆ. ಕಾಗದದ ಸೆಟ್ ಇನ್ನೂ ಸಿಕ್ಕಿಲ್ಲ. ಇಲ್ಲಿ ಸೋತರೆ ಧಾರವಾಡಕ್ಕೆ ಹೋಗಬೇಕಾ?

ಉತ್ತರ: ವಿಜಯಪುರ ಜಿಲ್ಲೆಗೆ ಹೈಕೋರ್ಟಿನ ಕಲಬುರಗಿ ಪೀಠ. ಧಾರವಾಡ ಪೀಠ ಬೆಳಗಾವಿ, ಬಾಗಲಕೋಟೆಯವರಿಗೆ. ಅಲ್ಲಿಯತನಕ ಈಗಲೇ ಯೋಚನೆ ಬೇಡ. ಸೋಮವಾರ ತಮ್ಮನೇ ಬರಲಿ, ವಕೀಲರು ವಕಾಲತ್ತು ಹಾಕಿ ಅರ್ಜಿಯ ಪ್ರತಿ ಮತ್ತು ದಾಖಲೆ ಕೇಳಲಿ, ಆಕ್ಷೇಪಣೆಗೆ ಸಮಯ ಕೇಳಲಿ. ಸಾಲ ತಗೊಂಡಿಲ್ಲ ಅಂತ ಸುಳ್ಳು ಬರೆಸಬೇಡಿ, ತಗೊಂಡಿದ್ದು ನಿಜ, ಹಿಂದೆ ಎಷ್ಟು ಕಟ್ಟಿದ್ದಾನೆ ಅನ್ನೋ ಸ್ಲಿಪ್, ಮೆಸೇಜ್ ಇದ್ದರೆ ಎಲ್ಲ ತನ್ನಿ. ಪಾಸ್‌ಪೋರ್ಟ್, ವೀಸಾ ಕ್ಯಾನ್ಸಲ್ ಪೇಪರ್, ಲೋನ್ ಫಾರ್ಮಿನ ಪ್ರತಿ, ಈ ನೋಟಿಸ್ ಬಂದ ಲಕೋಟೆ ಸಮೇತ.