ಸಹಾಯ ಬೇಕು: ಕವಚದ ಪಟ್ಟಿಗಳನ್ನು ಜೋಡಿಸುವ ಕ್ರಮ

ಮಾನ್ಯರೇ, ಯುರೋಪಿನ ಹಳೆಯ ಯುದ್ಧಕವಚಗಳಿಂದ ಪ್ರೇರಣೆ ಪಡೆದು ಬೆಕ್ಕು ಮತ್ತು ಇಲಿಗಳ ಅಳತೆಗೆ ಲೋಹದ ಕವಚಗಳನ್ನು ರೂಪಿಸುವ ಕೆನಡಾದ ಕಲಾವಿದ ಜೆಫ್ ಡಿ ಬೋರ್ ಅವರ ಕೃತಿಗಳನ್ನು ನೋಡಿದ ಮೇಲೆ, ಅಂಥದ್ದೊಂದನ್ನು ಹಿತ್ತಾಳೆ ತಗಡಿನಲ್ಲಿ ಮಾಡಬೇಕೆಂಬ ಹಂಬಲ ನನ್ನಲ್ಲಿ ಬಲವಾಗಿದೆ. 16ನೇ ಶತಮಾನದ ಜರ್ಮನ್ ಕವಚಗಳ ಮೇಲಿನ ಏಣುಗಳು ಅಂದಕ್ಕಷ್ಟೇ ಅಲ್ಲದೆ ತಗಡಿಗೆ ಬಿಗಿ ಕೊಡಲೂ ಇದ್ದವು ಎಂಬುದು ಅರ್ಥವಾಗಿದೆ. ತೊಡಕಿರುವುದು, ಕವಚ ಬಾಗುವಂತೆ ಒಂದರ ಮೇಲೊಂದು ಕೂರುವ ಲೋಹದ ಪಟ್ಟಿಗಳ ಜೋಡಣೆಯಲ್ಲಿ. ಒಂದು ಪಟ್ಟಿಯಲ್ಲಿ ಉದ್ದನೆಯ ಸೀಳು ಕೊರೆದು, ಅದರೊಳಗೆ ಜಾರುವಂತೆ ರಿವೆಟ್ (ತಗಡುಗಳನ್ನು ಸೇರಿಸುವ ಲೋಹದ ಮೊಳೆ) ಬಡಿಯಬೇಕು. ಬಿಗಿಯಾದರೆ ಪಟ್ಟಿ ಅಲುಗುವುದಿಲ್ಲ, ಸಡಿಲವಾದರೆ ಜೋತುಬೀಳುತ್ತದೆ.

ಲೋಹಕೆಲಸ ಬಲ್ಲವರು ಸೀಳಿನ ಅಳತೆ ಮತ್ತು ರಿವೆಟ್ ಬಡಿಯುವ ಹದವನ್ನು ದಯವಿಟ್ಟು ತಿಳಿಸಿ. ಲಂಡನ್ನಿನಲ್ಲಿರುವ ಕನ್ನಡಿಗರು ಯಾರಾದರೂ ವ್ಯಾಲೇಸ್ ಕಲೆಕ್ಷನ್ ಸಂಗ್ರಹಾಲಯಕ್ಕೆ ಹೋದರೆ, ಅಲ್ಲಿನ ನಿಯಮಕ್ಕೆ ಒಳಪಟ್ಟು, ತೋಳುಕವಚದ ಮೊಣಕೈ ಕೀಲಿನ ಹತ್ತಿರದ ಚಿತ್ರಗಳನ್ನು ಕಳುಹಿಸಿದರೆ ಬಹಳ ಉಪಕಾರವಾಗುತ್ತದೆ.