ಲಂಡನ್‌ನ ಸಣ್ಣ, ವಿಚಿತ್ರ ಮ್ಯೂಸಿಯಂಗಳು: ನೋಡಿ ಬಂದವರು ಹೇಳಿ

ಪ್ರಶ್ನೆ: ಮಗಳ ಮನೆಗೆ ಅಂತ ಮತ್ತೆ ಲಂಡನ್‌ಗೆ ಹೊರಟಿದ್ದೇವೆ. ಬ್ರಿಟಿಷ್ ಮ್ಯೂಸಿಯಂ ಹೋದ ಸಲವೇ ಆಯ್ತು, ನಡೆದೂ ನಡೆದೂ ಸಾಕಾಯ್ತು. ಒಂದೆರಡು ಗಂಟೆಯಲ್ಲಿ ಮುಗಿಯುವ, ಬೇರೆಲ್ಲೂ ಸಿಗದಂಥ ಚಿಕ್ಕ ಮ್ಯೂಸಿಯಂ ಇದ್ದರೆ ಹೇಳಿ.

ಉತ್ತರ: ಮೇಡಂ, ಒಂದೇ ಒಂದು ನೋಡುವುದಾದರೆ ಸರ್ ಜಾನ್ ಸೋನ್ ಮ್ಯೂಸಿಯಂ ನೋಡಿ. ಟಿಕೆಟ್ ಇಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಕಟ್ಟಿದ ಆರ್ಕಿಟೆಕ್ಟ್‌ನ ಸ್ವಂತ ಮನೆ ಅದು. ಮಗನ ಜೊತೆ ಆತನಿಗೆ ಆಗಿಬರುತ್ತಿರಲಿಲ್ಲ. ತಾನು ಹೋದ ಮೇಲೂ ಮನೆ ಇದ್ದ ಹಾಗೇ ಇರಬೇಕು ಅಂತ 1833ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆಯನ್ನೇ ಮಾಡಿಸಿಕೊಂಡ. ಹಟ ಅಂದರೆ ಇದು! ನೆಲಮಾಳಿಗೆಯಲ್ಲಿ ಈಜಿಪ್ಟಿನ ದೊರೆ ಮೊದಲನೇ ಸೇಟಿಯ ಕಲ್ಲಿನ ಶವಪೆಟ್ಟಿಗೆ ಇದೆ. ಬ್ರಿಟಿಷ್ ಮ್ಯೂಸಿಯಂನವರು ರೇಟು ಜಾಸ್ತಿ ಅಂತ ಬಿಟ್ಟಿದ್ದನ್ನು ಈತ 1824ರಲ್ಲಿ 2000 ಪೌಂಡ್ ಕೊಟ್ಟು ಕೊಂಡ. ಚಿತ್ರಗಳ ಕೋಣೆಯಲ್ಲಿ ಮಾತ್ರ ಅವಸರ ಮಾಡಬೇಡಿ. ಸಿಬ್ಬಂದಿ ಬಂದು ಗೋಡೆಯನ್ನೇ ಬೀರುವಿನ ಬಾಗಿಲಿನ ಹಾಗೆ ತೆರೆಯುತ್ತಾರೆ, ಒಳಗೆ ಇನ್ನೊಂದು ಸಾಲು ಚಿತ್ರಗಳು. ಅಷ್ಟು ಚಿಕ್ಕ ಕೋಣೆಯಲ್ಲಿ ಅಷ್ಟೆಲ್ಲ ಹೇಗೆ ಹಿಡಿಸಿದ ಅಂತ ಆಗ ಗೊತ್ತಾಗುತ್ತದೆ. ಸೋಮವಾರ, ಮಂಗಳವಾರ ರಜೆ.

ಉತ್ತರ: ನನ್ನ ಓಟು ಲಂಡನ್ ಬ್ರಿಜ್ ಸ್ಟೇಷನ್ ಹತ್ತಿರದ ಓಲ್ಡ್ ಆಪರೇಟಿಂಗ್ ಥಿಯೇಟರ್‌ಗೆ. ಚರ್ಚಿನ ಅಟ್ಟದ ಮೇಲೆ 1822ರ ಆಪರೇಷನ್ ಕೋಣೆ! ಆಗ ಅರಿವಳಿಕೆ ಇನ್ನೂ ಬಂದಿರಲಿಲ್ಲ. ನಡುವೆ ಮರದ ಟೇಬಲ್, ಸುತ್ತ ವಿದ್ಯಾರ್ಥಿಗಳು ನಿಂತು ನೋಡಲು ಮೆಟ್ಟಿಲುಗಳು. ಟೇಬಲ್ ಕೆಳಗೆ ಮರದ ಪುಡಿ ತುಂಬಿದ ಪೆಟ್ಟಿಗೆ, ರಕ್ತ ಹೀರಲು. ಕೈಕಾಲು ಕತ್ತರಿಸುವ ಗರಗಸಗಳನ್ನೂ ಇಟ್ಟಿದ್ದಾರೆ. ಊಟ ಆದ ತಕ್ಷಣ ಹೋಗಬೇಡಿ. ಟಿಕೆಟ್ ಇದೆ. ಮೇಲೆ ಹತ್ತಲು ಕಿರಿದಾದ ಸುರುಳಿ ಮೆಟ್ಟಿಲು, 52 ಇವೆ.

ಕೇಳಿದವರು: ಯಜಮಾನರಿಗೆ ಮಂಡಿ ನೋವು. ಅವರನ್ನು ಪಕ್ಕದ ಬರೋ ಮಾರ್ಕೆಟ್‌ನಲ್ಲಿ ಕೂರಿಸಿ ನಾನು ಹತ್ತಿ ಬರ್ತೀನಿ ಬಿಡಿ.

ಉತ್ತರ: ಮೊಮ್ಮಕ್ಕಳಿದ್ದರೆ ಪೋಸ್ಟಲ್ ಮ್ಯೂಸಿಯಂ. 1927ರಿಂದ 2003ರವರೆಗೆ ನೆಲದಡಿಯಲ್ಲಿ ಟಪಾಲು ಸಾಗಿಸಲೆಂದೇ ಡ್ರೈವರ್ ಇಲ್ಲದ ಪುಟ್ಟ ರೈಲು ಓಡುತ್ತಿತ್ತು. ಈಗ ಅದೇ ಸುರಂಗದಲ್ಲಿ ನಮ್ಮನ್ನು ಕೂರಿಸಿ ಸುತ್ತಿಸುತ್ತಾರೆ. ಬೋಗಿ ತುಂಬಾ ಇಕ್ಕಟ್ಟು, ಎತ್ತರದವರು ಮುದುರಿ ಕೂರಬೇಕು. ಮೊದಲೇ ಬುಕ್ ಮಾಡಿ.

ಉತ್ತರ: ಯೂನಿವರ್ಸಿಟಿ ಕಾಲೇಜಿನ ಗ್ರಾಂಟ್ ಮ್ಯೂಸಿಯಂ. ಪ್ರಾಣಿಗಳ ಅಸ್ಥಿಪಂಜರ, ಜಾಡಿಗಳು. ವಂಶವೇ ಅಳಿದುಹೋದ ಕ್ವಾಗಾ ಅನ್ನೋ ಜೀಬ್ರಾದ ಅಸ್ಥಿಪಂಜರವೂ ಇದೆ. ಒಂದೇ ಹಾಲ್, ಪುಕ್ಕಟೆ. ಅರ್ಧ ಗಂಟೆ ಸಾಕು.

ಉತ್ತರ: ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಹೇಗೂ ಹೋಗ್ತೀರಿ ಅಲ್ವಾ? ಅಲ್ಲೇ ಹತ್ತಿರ ಲ್ಯಾಂಬೆತ್ ಸೇತುವೆ ಪಕ್ಕ ಗಾರ್ಡನ್ ಮ್ಯೂಸಿಯಂ ಇದೆ. ಕೆಡವಬೇಕು ಅಂತಿದ್ದ ಹಳೇ ಚರ್ಚನ್ನು ಉಳಿಸಿಕೊಂಡು ತೋಟಗಾರಿಕೆಯ ಮ್ಯೂಸಿಯಂ ಮಾಡಿದ್ದಾರೆ. ಹಳೇ ಕಾಲದ ಸಲಿಕೆ, ನೀರು ಹಾಕುವ ಡಬ್ಬ ಎಲ್ಲ ಇವೆ. ಊರೂರು ಸುತ್ತಿ ಗಿಡ ತಂದ ಟ್ರಾಡೆಸ್ಕೆಂಟ್ ಅಪ್ಪ ಮಗನ ಸಮಾಧಿಯೂ ಅಲ್ಲೇ. ಕೆಫೆ ಚೆನ್ನಾಗಿದೆ, ಯಜಮಾನರಿಗೂ ಹಿಡಿಸುತ್ತದೆ.