ಬೇಸಿಗೆ ಶಿಬಿರವೋ, ನಾಯಕತ್ವ ಸಮಾವೇಶವೋ? ಅನುಭವವಿರುವವರು ತಿಳಿಸಿ

ಪ್ರಶ್ನೆ ಕೇಳಿದವರು:
ಹದಿನಾಲ್ಕು ವರ್ಷದ ನನ್ನ ಮಗಳಿಗೆ ಈ ರಜೆಯಲ್ಲಿ ಎರಡು ಅವಕಾಶಗಳು ಒಟ್ಟಿಗೇ ಬಂದಿವೆ. ಒಂದು, ಎರಡು ವಾರಗಳ ವಸತಿ ಶಿಬಿರ. ಈಜು, ಚಾರಣ, ಹಗ್ಗದ ಸಾಹಸ, ಕರಕುಶಲ ಎಲ್ಲವೂ ಅಲ್ಲಿವೆ. ಇನ್ನೊಂದು, ಹದಿಹರೆಯದವರಿಗಾಗಿ ನಡೆಯುವ ಮೂರು ದಿನಗಳ ನಾಯಕತ್ವ ಸಮಾವೇಶ. ಅದು ಶಿಬಿರದ ಎರಡನೆಯ ವಾರದ ನಡುವೆಯೇ ಬೀಳುತ್ತದೆ. ಮಗಳು ಮಿತಭಾಷಿ. ಚೆನ್ನಾಗಿ ಈಜುತ್ತಾಳೆ, ವೇದಿಕೆ ಎಂದರೆ ಹಿಂಜರಿಯುತ್ತಾಳೆ. ಎರಡರ ಖರ್ಚನ್ನೂ ಭರಿಸುವುದು ನಮ್ಮಿಂದಾಗದು. ಶುಲ್ಕದ ಆಚೆಗೆ ಏನೇನು ಖರ್ಚು ಬರುತ್ತದೆ ಎಂಬುದನ್ನೂ ಸೇರಿಸಿ, ಮಕ್ಕಳನ್ನು ಕಳುಹಿಸಿದವರು ದಯವಿಟ್ಟು ತಿಳಿಸಬೇಕು.

ಚಾರಣಪ್ರಿಯ ತಂದೆ:
ಶಿಬಿರಕ್ಕೇ ಕಳುಹಿಸಿ. ಇದರಲ್ಲಿ ಯೋಚಿಸುವುದಕ್ಕೇನೂ ಇಲ್ಲ. ನನ್ನ ಮಗನನ್ನು ಕಳುಹಿಸುತ್ತೇನೆಂದಾಗ ಮೂಗು ಮುರಿದ ಬಂಧುಗಳೇ ಈಗ ತಮ್ಮ ಮಕ್ಕಳಿಗಾಗಿ ನನ್ನ ಬಳಿ ಅರ್ಜಿ ನಮೂನೆ ಕೇಳುತ್ತಿದ್ದಾರೆ.

ಖರ್ಚಿನ ವಿಷಯಕ್ಕೆ ಬರುತ್ತೇನೆ. "ಎಲ್ಲವೂ ಶುಲ್ಕದಲ್ಲಿ ಸೇರಿದೆ" ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಸ್ಲೀಪಿಂಗ್ ಬ್ಯಾಗ್, ಚಾರಣದ ಬೂಟು, ಮಳೆಯಂಗಿ, ತಲೆಗೆ ಕಟ್ಟುವ ಟಾರ್ಚು, ಸೊಳ್ಳೆ ಮುಲಾಮು, ಬಟ್ಟೆಬಟ್ಟೆಗೂ ಹೊಲಿಯಬೇಕಾದ ಹೆಸರಿನ ಪಟ್ಟಿ, ವೈದ್ಯರ ತಪಾಸಣಾ ಪತ್ರ, ವಿಮೆ, ಹೋಗಿಬರುವ ಬಸ್ಸು, ಶಿಬಿರದೊಳಗಿನ ಅಂಗಡಿಯಲ್ಲಿ ಮಗುವಿನ ಹೆಸರಿಗೆ ಇಡಬೇಕಾದ ಠೇವಣಿ, ಇವು ಯಾವುವೂ ಆ "ಎಲ್ಲ"ದೊಳಗೆ ಇರಲಿಲ್ಲ. ಇವೆಲ್ಲ ಸೇರಿ ಶುಲ್ಕದ ಮೂರನೆಯ ಒಂದು ಭಾಗವನ್ನು ದಾಟಿದವು. ಸ್ಲೀಪಿಂಗ್ ಬ್ಯಾಗಿನ ಚೀಟಿಯ ಮೇಲೆ ಮುಖ್ಯವಾಗಿ ಎರಡು ಉಷ್ಣಾಂಶಗಳಿರುತ್ತವೆ. ಒಂದು ಆರಾಮದ ಮಿತಿ, ಇನ್ನೊಂದು ಕೆಳಮಿತಿ. ಅಂಗಡಿಯವರು ದೊಡ್ಡಕ್ಷರದಲ್ಲಿ ತೋರಿಸುವುದು ಕೆಳಮಿತಿಯನ್ನು, ನೀವು ನೋಡಬೇಕಾದದ್ದು ಆರಾಮದ ಮಿತಿಯನ್ನು. ಬೂಟನ್ನಂತೂ ಹೊರಡುವ ಹಿಂದಿನ ದಿನ ಕೊಳ್ಳಲೇಬೇಡಿ. ವಾರಗಟ್ಟಲೆ ಮೊದಲೇ ಕೊಂಡು, ಮನೆಯಲ್ಲೇ ತೊಟ್ಟು ನಡೆದು ಪಳಗಿಸಬೇಕು. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಂಡು ಗುಳ್ಳೆ ಏಳಿಸುತ್ತದೆ, ಉಣ್ಣೆಯದೇ ಬೇಕು. ನನ್ನ ಮಗನ ಗುಂಪಿನಲ್ಲಿ ಹೊಸ ಬೂಟು ತೊಟ್ಟು ಬಂದ ಹುಡುಗನೊಬ್ಬ ಚಾರಣದ ದಿನವನ್ನು ಔಷಧಾಲಯದ ಬೆಂಚಿನ ಮೇಲೆ ಕಳೆದ.

ಮೊದಲ ವಾರ ಮಗ ಅಳುತ್ತಾ ಪತ್ರ ಬರೆದ. ನಾನು ಕರೆತರಲಿಲ್ಲ. "ಬೇಸರವಾದರೆ ಬಂದು ಕರೆದುಕೊಂಡು ಹೋಗುತ್ತೇವೆ" ಎಂಬ ಮಾತನ್ನು ಹೊರಡುವ ಮುಂಚೆ ಕೊಡಲೇಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ. ಆ ಮಾತು ಸಿಕ್ಕ ಮಗು ಹೊಂದಿಕೊಳ್ಳುವುದನ್ನು ಬಿಟ್ಟು ಕಾಯುವುದಕ್ಕೆ ತೊಡಗುತ್ತದೆ.

ಇನ್ನು ನಾಯಕತ್ವ. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಪ್ರಾಯೋಗಿಕ ಶಿಬಿರದಲ್ಲಿ ಇದ್ದವರು ಇಪ್ಪತ್ತರಷ್ಟು ಹುಡುಗರು. ಶ್ರೀಮಂತರ ಶಾಲೆಯವರನ್ನೂ ದುಡಿಯುವ ಮನೆಗಳವರನ್ನೂ ಬೆರೆಸಿ ನಾಲ್ಕು ತುಕಡಿ ಮಾಡಿ, ಪ್ರತಿ ತುಕಡಿಯನ್ನೂ ಒಬ್ಬ ಹಿರಿಯ ಹುಡುಗನ ಕೈಗೆ ಒಪ್ಪಿಸಿದರು. ಭಾಷಣ ಕೇಳಿಸಿ ನಾಯಕರನ್ನು ಮಾಡಲಿಲ್ಲ.

ಇಬ್ಬರು ಹೆಣ್ಣುಮಕ್ಕಳ ತಾಯಿ:
ಮಾನ್ಯರೇ, ತಮ್ಮ ಕೊನೆಯ ವಾಕ್ಯ ಯಾರನ್ನು ಕುರಿತದ್ದೆಂದು ತಿಳಿಯದಷ್ಟು ಮುಗ್ಧರು ನಾವಲ್ಲ. ನನ್ನ ಹಿರಿಯ ಮಗಳು ಸಮಾವೇಶಕ್ಕೆ ಹೋಗಿದ್ದಳು, ಮತ್ತು ಅಲ್ಲಿ ಅವಳು ಬರಿದೇ ಭಾಷಣ ಕೇಳಲಿಲ್ಲ. ಗೊತ್ತುವಳಿ ಮಂಡಿಸುವುದು, ಬೇರೊಬ್ಬರಿಂದ ಅನುಮೋದನೆ ಪಡೆಯುವುದು, ತಿದ್ದುಪಡಿಯನ್ನು ಮೂಲ ಗೊತ್ತುವಳಿಗಿಂತ ಮೊದಲು ಮತಕ್ಕೆ ಹಾಕುವುದು, ಕೂಗಾಡುವವನಿಗೂ ಅವನ ಸರದಿ ಬರುವವರೆಗೆ ಕಾಯಿಸುವುದು, ಇವನ್ನೆಲ್ಲ ಕೈಯಾರೆ ಮಾಡಿ ಕಲಿತಳು. ಈ ಕ್ರಮವನ್ನು 1876ರಲ್ಲಿ ಪುಸ್ತಕವಾಗಿ ಹೊರತಂದ ಹೆನ್ರಿ ಮಾರ್ಟಿನ್ ರಾಬರ್ಟ್ ಅಮೆರಿಕದ ಸೈನ್ಯದ ಎಂಜಿನಿಯರ್. ಒಂದು ಸಭೆಯ ಅಧ್ಯಕ್ಷತೆ ವಹಿಸಿ, ಅದು ಗದ್ದಲದಲ್ಲಿ ಮುಳುಗಿದ್ದನ್ನು ಕಂಡೇ ಅವರು ನಿಯಮಗಳ ಅಧ್ಯಯನಕ್ಕಿಳಿದರು. ಮರ ಹತ್ತಿದವರಿಗೆಲ್ಲ ಸಭೆ ನಡೆಸಲು ಬಂದುಬಿಡುವುದಿಲ್ಲ.

ನನ್ನ ಮಗಳೂ ಮಾತಿನಮಲ್ಲಿಯೇನಲ್ಲ. ಮೊದಲ ದಿನ ಒಂದು ಮಾತೂ ಆಡಲಿಲ್ಲವಂತೆ. ಎರಡನೆಯ ದಿನ ಕರಡು ಬರೆಯುವ ಗುಂಪಿಗೆ ಸೇರಿದಳು. ಕೊನೆಗೆ ವೇದಿಕೆಯಲ್ಲಿ ಗಟ್ಟಿಯಾಗಿ ಮಾತನಾಡಿದವರು ಓದಿದ್ದು ಅವಳು ಬರೆದ ವಾಕ್ಯಗಳನ್ನೇ. ಖರ್ಚು ಕಡಿಮೆಯಾಯಿತೆಂದು ಹೇಳಲಾರೆ. ಪ್ರಯಾಣ, ಎರಡು ರಾತ್ರಿಯ ವಸತಿ, ಒಮ್ಮೆ ತೊಟ್ಟು ಮಡಿಸಿಟ್ಟಿರುವ ಕೋಟು, ಗುಂಪಿನ ಛಾಯಾಚಿತ್ರಕ್ಕೆ ಬೇರೆ, ಪ್ರಮಾಣಪತ್ರದ ಚೌಕಟ್ಟಿಗೆ ಬೇರೆ. ಚೌಕಟ್ಟು ಬೇಡವೆಂದರೂ ಬಿಲ್ಲಿನಲ್ಲಿ ಅದು ಉಳಿದೇ ಇತ್ತು, ತೆಗೆಸಲು ಮೂರು ಕಡೆ ಪತ್ರ ಬರೆಯಬೇಕಾಯಿತು. ಆದರೂ ನನಗೆ ಪಶ್ಚಾತ್ತಾಪವಿಲ್ಲ.

ಲೆಕ್ಕಪತ್ರ:
ಸೋದರಿಯವರ ಅದೃಷ್ಟ ದೊಡ್ಡದು. ನಮ್ಮ ಮನೆಗೆ ಬಂದದ್ದು ಬಂಗಾರದ ಅಂಚಿನ ಒಂದು ಪತ್ರ: "ತಮ್ಮ ಪುತ್ರನನ್ನು ಅವನ ವಿಶೇಷ ಪ್ರತಿಭೆಗಾಗಿ ಆಯ್ಕೆ ಮಾಡಲಾಗಿದೆ." ಮಗನ ತರಗತಿಯಲ್ಲಿ ವಿಚಾರಿಸಿದಾಗ ಅದೇ ಪತ್ರ, ಅದೇ ವಿಶೇಷ ಪ್ರತಿಭೆ, ಹಿಂದಿನ ಬೆಂಚಿನವರಿಗೂ ಬಂದಿತ್ತು. ಅಷ್ಟರಲ್ಲಿ ಮುಂಗಡ ಕಟ್ಟಿಯಾಗಿತ್ತು. ಮುಂಗಡ ಒಟ್ಟು ಮೊತ್ತದ ಕಾಲು ಭಾಗ, ಮರುಪಾವತಿ ಇಲ್ಲ. ಉಳಿದ ಮುಕ್ಕಾಲು ಭಾಗದಲ್ಲಿ ಅರ್ಧ ವಾಪಸು ಸಿಗಬೇಕಾದರೆ ಆರು ವಾರ ಮೊದಲು ತಿಳಿಸಬೇಕಿತ್ತು, ಪತ್ರ ನಮಗೆ ತಲುಪಿದ್ದೇ ಐದು ವಾರ ಮೊದಲು. ಅವರ ನಿಯಮಾವಳಿಯನ್ನು ಇಂದಿಗೂ ಬಾಯಿಪಾಠ ಒಪ್ಪಿಸಬಲ್ಲೆ.

ಹೋದ ಮೇಲಾದರೂ ಏನಾಯಿತು? ಸಭಾಂಗಣದಲ್ಲಿ ಸಾಲುಸಾಲು ಕುರ್ಚಿ, ತಮ್ಮ ಯಶಸ್ಸಿನ ಕಥೆ ಹೇಳುವ ಒಬ್ಬರಾದ ಮೇಲೊಬ್ಬ ಅತಿಥಿ, ನಡುನಡುವೆ ಚಪ್ಪಾಳೆಯ ಅಭ್ಯಾಸ. ಪ್ರಶ್ನೆ ಕೇಳಲು ಉಳಿಸಿದ ಸಮಯವನ್ನು ಮುಂದಿನ ವರ್ಷದ "ಉನ್ನತ ಹಂತ"ಕ್ಕೆ ಹೆಸರು ನೋಂದಾಯಿಸುವುದಕ್ಕೆ ಬಳಸಿಕೊಂಡರು. ಹಣ ಕೊಟ್ಟು ಕುಳಿತದ್ದಕ್ಕೆ ದೊರೆತ ಪ್ರಮಾಣಪತ್ರ ಅವನು ಅಲ್ಲಿ ಕುಳಿತಿದ್ದನೆಂಬುದಕ್ಕಷ್ಟೇ ಸಾಕ್ಷಿ. ಕಾಲೇಜಿನ ಪ್ರವೇಶ ಸಂದರ್ಶನದಲ್ಲಿ ಅದರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಬಡಾವಣೆಯ ಚಿಕ್ಕ ಮಕ್ಕಳಿಗೆ ಅವನು ಗಣಿತ ಹೇಳಿಕೊಡುತ್ತಿದ್ದುದರ ಬಗ್ಗೆ ಮಾತ್ರ ಕೇಳಿದರು.

ಇಬ್ಬರು ಹೆಣ್ಣುಮಕ್ಕಳ ತಾಯಿ:
ತಾವು ದುಡ್ಡು ಕೊಟ್ಟದ್ದು ಭಾಷಣಮಾಲೆಗೆ, ದೂರುತ್ತಿರುವುದು ಸಮಾವೇಶಗಳನ್ನೆಲ್ಲ. ದಿನದ ವೇಳಾಪಟ್ಟಿಯನ್ನು ಮೊದಲೇ ತರಿಸಿಕೊಂಡು, ಮಕ್ಕಳು ತಾವೇ ಕೆಲಸ ಮಾಡುವ ಅವಧಿ ಎಷ್ಟು, ಸುಮ್ಮನೆ ಕುಳಿತು ಕೇಳುವ ಅವಧಿ ಎಷ್ಟು ಎಂದು ನಾನು ಪೆನ್ಸಿಲ್ ಹಿಡಿದು ಗುರುತು ಹಾಕಿದ್ದೆ. ಅದನ್ನು ತಾವೂ ಮಾಡಬಹುದಿತ್ತು.

ಲೆಕ್ಕಪತ್ರ:
ವೇಳಾಪಟ್ಟಿಯಲ್ಲಿ "ಸಂವಾದ" ಎಂದಿತ್ತು, ಸೋದರಿ. ಸಂವಾದವೆಂದು ಬರೆದು ಭಾಷಣ ಮಾಡಿದರೆ ಪೆನ್ಸಿಲ್ ಏನು ಮಾಡೀತು?

ಹಳೆಯ ಮೇಲ್ವಿಚಾರಕಿ:
ವಸತಿ ಶಿಬಿರಗಳಲ್ಲಿ ಅನೇಕ ಬೇಸಿಗೆಗಳನ್ನು ಕಳೆದವಳು ನಾನು. ಕಾಲುಚೀಲದ ಬಗ್ಗೆ ಇಷ್ಟು ಬರೆದ ಸರ್ ಅವರು ನೀರಿನ ಬಗ್ಗೆ ಒಂದಕ್ಷರವನ್ನೂ ಬರೆಯದಿದ್ದುದು ಆಶ್ಚರ್ಯ. ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಮಕ್ಕಳಿಗೆ ಒಬ್ಬ ಮೇಲ್ವಿಚಾರಕರು ಎಂಬುದು. ಅಮೆರಿಕನ್ ಕ್ಯಾಂಪ್ ಅಸೋಸಿಯೇಶನ್ನಿನ ಮಾನದಂಡದಂತೆ ವಸತಿ ಶಿಬಿರದಲ್ಲಿ 9ರಿಂದ 14 ವರ್ಷದವರಿಗೆ ಎಂಟು ಮಕ್ಕಳಿಗೊಬ್ಬರು, 15ರಿಂದ 18ರವರಿಗೆ ಹತ್ತಕ್ಕೊಬ್ಬರು ಇರಬೇಕು. ಈಜುಕೊಳದ ಕಾವಲುಗಾರರನ್ನು ಈ ಲೆಕ್ಕಕ್ಕೆ ಸೇರಿಸಿ ಸಂಖ್ಯೆ ಸರಿದೂಗಿಸುವವರಿದ್ದಾರೆ, ಅದನ್ನು ಬಿಡಿಸಿ ಕೇಳಿ. ಚೆನ್ನಾಗಿ ಈಜುವ ಮಗುವನ್ನೂ ಮೊದಲ ದಿನ ಪರೀಕ್ಷಿಸಿಯೇ ಆಳಕ್ಕೆ ಬಿಡಬೇಕು, ನೀರಿನಲ್ಲಿ ಜೋಡಿಯಿಲ್ಲದೆ ಯಾರೂ ಇರಬಾರದು, ಆಗಾಗ ಸೀಟಿ ಊದಿ ಜೋಡಿಗಳನ್ನು ಎಣಿಸಬೇಕು. ಇದು ನಡೆಯದ ಶಿಬಿರದಲ್ಲಿ ನಾನು ಒಂದೇ ಬೇಸಿಗೆ ಇದ್ದು ಹೊರಬಂದೆ.

ಹಗ್ಗದ ಸಾಹಸದಲ್ಲಿ ಮಗುವಿಗೆ "ಬೇಡ" ಎನ್ನುವ ಹಕ್ಕಿದೆಯೇ ಎಂದೂ ಕೇಳಿ. 1971ರಲ್ಲಿ ಆರಂಭವಾದ ಪ್ರಾಜೆಕ್ಟ್ ಅಡ್ವೆಂಚರ್ ಎಂಬ ಸಂಸ್ಥೆಯಿಂದ ಹಬ್ಬಿದ ಪದ್ಧತಿಯಂತೆ, ಎಷ್ಟು ಎತ್ತರಕ್ಕೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಹತ್ತುವವರೇ; ಕೆಳಗಿಂದ ಕೂಗಿ ಹುರಿದುಂಬಿಸುವ ಗುಂಪಲ್ಲ. ಮಾತು ಕಡಿಮೆ ಇರುವ ಮಕ್ಕಳು ಗುಂಪಿನ ಕೂಗಿಗೆ ಮಣಿದು ಹತ್ತಿಬಿಡುತ್ತಾರೆ, ಆಮೇಲೆ ರಾತ್ರಿಯೆಲ್ಲ ನಡುಗುತ್ತಾರೆ. ಅಂಥವರ ಪಕ್ಕದಲ್ಲಿ ಕುಳಿತಿದ್ದೇನೆ.

ಇನ್ನೊಂದು ಸಂಗತಿ. ಹದಿನೈದು, ಹದಿನಾರು ದಾಟಿದವರನ್ನು "ತರಬೇತಿ ನಾಯಕರು" ಎಂದು ಸೇರಿಸಿಕೊಂಡು, ಅವರಿಂದಲೇ ಶುಲ್ಕವನ್ನೂ ಪಡೆದು, ಪಾತ್ರೆ ತೊಳೆಯುವುದಕ್ಕೂ ಚಿಕ್ಕವರ ಹಾಸಿಗೆ ಮಡಿಸುವುದಕ್ಕೂ ಹಚ್ಚುವ ಶಿಬಿರಗಳಿವೆ. ನನ್ನನ್ನೂ ಹಾಗೆಯೇ ದುಡಿಸಿಕೊಂಡರು. ಕೆಲಸ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ, ದುಡ್ಡು ಕೊಟ್ಟು ಮಾಡಿದ್ದಕ್ಕೆ ಇದೆ.

ಚಾರಣಪ್ರಿಯ ತಂದೆ:
ಪಾತ್ರೆ ತೊಳೆಯುವುದೂ ಶಿಕ್ಷಣವೇ, ಮೇಡಂ. ನನ್ನ ಮಗ ಅದನ್ನು ಕಲಿತದ್ದೂ ಶಿಬಿರದಲ್ಲೇ. ಕೊನೆಯ ವಾರದ ತಂಡಗಳ ಸ್ಪರ್ಧೆಯಲ್ಲಿ ಅವನ ತಂಡ ಗೆದ್ದಿತು. ಸೋಲು ಗೆಲುವನ್ನು ತಿಳಿಯದವರು ಮುಂದೆ ಯಾರನ್ನು ಮುನ್ನಡೆಸಿಯಾರು?

ಹಳೆಯ ಮೇಲ್ವಿಚಾರಕಿ:
ಆ ಸ್ಪರ್ಧೆಯನ್ನೇ ನಾನು ಎಂದೂ ಒಪ್ಪಿದವಳಲ್ಲ. 1954ರಲ್ಲಿ ಅಮೆರಿಕದ ಓಕ್ಲಹೋಮಾದ ರಾಬರ್ಸ್ ಕೇವ್ ಉದ್ಯಾನದಲ್ಲಿ ಮನೋವಿಜ್ಞಾನಿ ಮುಜಾಫರ್ ಷರೀಫ್ ಮತ್ತು ಸಂಗಡಿಗರು ಹನ್ನೊಂದರ ಪ್ರಾಯದ 22 ಹುಡುಗರನ್ನು ಬೇಸಿಗೆ ಶಿಬಿರದ ನೆಪದಲ್ಲಿ ಎರಡು ತಂಡ ಮಾಡಿ, ಬಹುಮಾನವಿಟ್ಟು ಆಟ ಆಡಿಸಿದರು. ಕೆಲವೇ ದಿನಗಳಲ್ಲಿ ಒಂದು ತಂಡದವರು ಇನ್ನೊಂದು ತಂಡದ ಬಾವುಟ ಸುಟ್ಟರು, ಕೋಣೆಗೆ ನುಗ್ಗಿ ದಾಂಧಲೆ ಎಬ್ಬಿಸಿದರು. ಅವರನ್ನು ಒಟ್ಟಿಗೆ ಕೂರಿಸಿ ಚಿತ್ರ ತೋರಿಸಿದರೂ ಜಗಳ ಇಳಿಯಲಿಲ್ಲ. ನೀರಿನ ಸರಬರಾಜು ನಿಂತು, ಎರಡೂ ತಂಡ ಸೇರಿ ಕಾರಣ ಹುಡುಕಬೇಕಾದಾಗ ಅದು ಸಡಿಲಗೊಳ್ಳತೊಡಗಿತು. ಕಪ್ಪು ಗೆದ್ದ ತಂಡದ ಬಗ್ಗೆ ಹೆಮ್ಮೆಪಡುವವರು ಸೋತ ತಂಡದ ಕೋಣೆಯಲ್ಲಿ ಆ ರಾತ್ರಿ ಮಲಗಿ ನೋಡಬೇಕು.

ಚಾರಣಪ್ರಿಯ ತಂದೆ:
ಅದು ಶಿಬಿರವಲ್ಲ, ಸಂಶೋಧನೆ. ಜಗಳ ಹುಟ್ಟುವಂತೆ ಅವರೇ ಏರ್ಪಾಡು ಮಾಡಿದ್ದರು, ಹುಡುಗರಿಗೆ ತಾವು ಪ್ರಯೋಗದ ಪಾತ್ರಗಳೆಂಬುದೇ ಗೊತ್ತಿರಲಿಲ್ಲ. ಅದನ್ನು ನನ್ನ ಮಗನ ಕಪ್ಪಿಗೆ ತಂದು ಕಟ್ಟುವುದು ನ್ಯಾಯವಲ್ಲ.

ಇಬ್ಬರು ಹೆಣ್ಣುಮಕ್ಕಳ ತಾಯಿ:
ಹುಡುಗರಿಗೆ ತಿಳಿಸದೆ ಆಡಿಸಿದ್ದು ತಪ್ಪೆಂದು ಒಪ್ಪುವ ತಾವು, ಅಳುತ್ತಾ ಪತ್ರ ಬರೆದ ಮಗನಿಗೆ ಫೋನನ್ನೂ ಕೊಡದ ಶಿಬಿರವನ್ನು ಹೊಗಳುತ್ತೀರಿ. ನನ್ನ ಮಗಳು ಪ್ರತಿ ರಾತ್ರಿ ಮಾತನಾಡುತ್ತಿದ್ದಳು.

ಚಾರಣಪ್ರಿಯ ತಂದೆ:
ಮೂರು ದಿನಕ್ಕೆ ಪ್ರತಿ ರಾತ್ರಿ ಎಂದರೆ ಎರಡು ರಾತ್ರಿ. ಎರಡು ವಾರ ಪ್ರತಿ ರಾತ್ರಿ ಅಮ್ಮನ ಧ್ವನಿ ಕೇಳಿಸಿದರೆ ಮಗುವಿನ ದೇಹ ಶಿಬಿರದಲ್ಲಿದ್ದು ಮನಸ್ಸು ಮನೆಯಲ್ಲಿರುತ್ತದೆ. ಪತ್ರವೇ ಸಾಕು, ಬರೆಯುವಷ್ಟರಲ್ಲಿ ಅರ್ಧ ದುಃಖ ಇಳಿದಿರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಶಿಬಿರದ ನಡುವೆ ಮೂರು ದಿನ ಬಿಡುವು ಪಡೆದು ಸಮಾವೇಶಕ್ಕೆ ಹೋಗಿ ಮರಳಿ ಸೇರಿಕೊಳ್ಳಲು ಬಿಡುತ್ತಾರೆಯೇ, ಸಮಾವೇಶಕ್ಕೆ ವಿದ್ಯಾರ್ಥಿ ರಿಯಾಯಿತಿ ಇರುತ್ತದೆಯೇ, ಯಾರಾದರೂ ತಿಳಿಸಬಲ್ಲಿರಾ?

ಹಳೆಯ ಮೇಲ್ವಿಚಾರಕಿ:
ನಾನು ಕೆಲಸ ಮಾಡಿದ ಕಡೆಗಳಲ್ಲಿ ಬಿಡುತ್ತಿರಲಿಲ್ಲ. ಹೊರಹೋಗಿ ಬಂದ ಮಗುವಿಗೆ ಆರೋಗ್ಯ ತಪಾಸಣೆ ಮತ್ತೆ ಆಗಬೇಕು, ಕರೆದೊಯ್ಯುವವರ ಸಹಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಎರಡನೆಯ ವಾರದಲ್ಲೇ ಗುಂಪು ಒಂದು ಹದಕ್ಕೆ ಬರುವುದು, ಆಗ ಹೊರಗಿದ್ದವಳು ಹೊಸಬಳಾಗಿಯೇ ಹಿಂದಿರುಗುತ್ತಾಳೆ. ಮೊದಲ ವಾರಕ್ಕೆ ಮಾತ್ರ ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ ನೋಡಿ, ಕೆಲವು ಶಿಬಿರಗಳು ವಾರದ ಲೆಕ್ಕದಲ್ಲೇ ನೋಂದಣಿ ಮಾಡಿಕೊಳ್ಳುತ್ತವೆ.

ಲೆಕ್ಕಪತ್ರ:
ರಿಯಾಯಿತಿಯನ್ನು ಮುಂಗಡ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ. ಕಟ್ಟಿದ ಮೇಲೆ ನಿಮ್ಮ ಪತ್ರಗಳಿಗೆ ಉತ್ತರ ಬರುವುದು ನಿಧಾನವಾಗುತ್ತದೆ. ಅನಾರೋಗ್ಯದಿಂದ ನಡುವೆಯೇ ಮರಳಿದರೆ ಉಳಿದ ದಿನಗಳ ಹಣ ಬರುತ್ತದೆಯೇ ಎಂಬ ಷರತ್ತು ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. ಶಿಬಿರಗಳವರೂ ಇದರಲ್ಲಿ ಸಾಧುಗಳಲ್ಲ, ಚಾರಣಪ್ರಿಯರು ಆ ಪುಟವನ್ನು ಓದಿದ್ದಾರೆಂದು ನನಗನ್ನಿಸುವುದಿಲ್ಲ.

ಚಾರಣಪ್ರಿಯ ತಂದೆ:
ಓದಿದ್ದೇನೆ. ಮರಳಿ ಬರುವ ಮಗನನ್ನು ನಾನು ಕಳುಹಿಸಿರಲಿಲ್ಲ, ಆದ್ದರಿಂದ ಆ ಷರತ್ತಿನ ಅಗತ್ಯ ಬೀಳಲಿಲ್ಲ. ಪ್ರಶ್ನೆ ಕೇಳಿದವರು ಮಗಳ ಪಾದದ ಅಳತೆ ತಿಳಿಸಿದರೆ, ನನ್ನ ಮಗನಿಗೆ ಈಗ ಬಿಗಿಯಾಗಿರುವ ಬೂಟುಗಳನ್ನು ಕಳುಹಿಸಿಕೊಡುತ್ತೇನೆ. ಚೆನ್ನಾಗಿ ಪಳಗಿವೆ.

ಇಬ್ಬರು ಹೆಣ್ಣುಮಕ್ಕಳ ತಾಯಿ:
ಬೇರೊಬ್ಬರ ಪಾದಕ್ಕೆ ಪಳಗಿದ ಬೂಟು ಅವಳಿಗೆ ಹೊಸ ಬೂಟಿಗಿಂತ ಹೆಚ್ಚು ಗುಳ್ಳೆ ಏಳಿಸುತ್ತದೆ. ಇಷ್ಟು ಚಾರಣ ಮಾಡಿದವರಿಗೆ ಅದು ತಿಳಿದಿರಬೇಕಿತ್ತು.